ಗವಳಿವಾಡಾದಲ್ಲಿ ಎರಡು ಹನಿ

ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನಾನು ಖಾನಾಪುರ ತಾಲೂಕಿನಲ್ಲಿ, ಕಣಕುಂಬಿ ರಸ್ತೆಯ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿಯಾಗಿದ್ದೆ. ಮನೆ ಬೆಳಗಾವಿಯ ಸದಾಶಿವನಗರದಲ್ಲಿ. ಬೆಳಗಿನ ಮೊದಲ ಬಸ್ಸು ಹಿಡಿದು ಜಾಂಬೋಟಿ ದಾಟಿ ಶಾಲೆಗೆ ಹೋಗುತ್ತಿದ್ದೆ. ಸಂಜೆ ಅದೇ ಬಸ್ಸು ಗೋವೆಯ ಗಡಿ ಮುಟ್ಟಿ ತಿರುಗಿ ಬರುವಾಗ ಹತ್ತಿ ಊರಿಗೆ ಬರುತ್ತಿದ್ದೆ. ಮಗಳಿಗೆ ಆಗಿನ್ನೂ ಎರಡು ವರ್ಷ. ದಿನವಿಡೀ ಅವಳನ್ನು ನೋಡಿಕೊಳ್ಳುತ್ತಿದ್ದವರು ನನ್ನ ಅತ್ತೆ.

ಪೋಲಿಯೊ ಹನಿ ಹಾಕುವ ಕೆಲಸ ಆ ವರ್ಷ ಶಾಲೆಯವರ ಪಾಲಿಗೂ ಬಂತು. ಅಲ್ಲಿಯವರೆಗೆ ಅದು ಭಾನುವಾರದ ಬೂತಿನ ಕೆಲಸವಾಗಿತ್ತು. ಯಾರು ಕರೆತರುತ್ತಾರೋ ಅವರ ಮಕ್ಕಳಿಗೆ ಹಾಕುವುದು, ಸಂಜೆಗೆ ಡಬ್ಬಿ ಮುಚ್ಚುವುದು. ಈಗ ಬೂತಿಗೆ ಬಾರದವರ ಮನೆಗೂ ಹೋಗಬೇಕು ಎಂದು ಆಜ್ಞೆಯಾಗಿತ್ತು. ಅದಕ್ಕಾಗಿ ಖಾನಾಪುರದಲ್ಲಿ ನಮಗೆಲ್ಲ ಒಂದು ದಿನದ ತರಬೇತಿ ಇತ್ತು. ಬೆಳಿಗ್ಗೆಯೆಲ್ಲ ಹನಿ ಹಾಕುವುದು ಹೇಗೆ, ಬೆರಳಿಗೆ ಶಾಯಿ ಹಚ್ಚುವುದು ಹೇಗೆ, ಬಾಗಿಲ ಮೇಲೆ ಸೀಮೆಸುಣ್ಣದ ಗುರುತು ಹಾಕುವುದು ಹೇಗೆ ಎಂದು ಹೇಳಿಕೊಟ್ಟರು. ಊಟವಾದ ಮೇಲೆ ಒಬ್ಬ ವಯಸ್ಸಾದ ಡಾಕ್ಟರು ಬಂದು ಸ್ವಲ್ಪವೇ ಮಾತಾಡಿದರು.

"ಬ್ಯಾಡ ಅಂದವರ ಜೋಡಿ ಜಗಳಾ ಮಾಡಬ್ಯಾಡ್ರಿ," ಎಂದರು. "ಯಾಕ ಬ್ಯಾಡ ಅಂತ ಕೇಳ್ರಿ. ಹೇಳಿದ್ದನ್ನ ಪೂರಾ ಕೇಳಿಸ್ಕೊಳ್ರಿ. ಆಮ್ಯಾಲೆ ಮತ್ತೊಮ್ಮಿ ಹೋಗ್ರಿ."

ಭಾನುವಾರ ನಮ್ಮ ಶಾಲೆಯ ಪಡಸಾಲೆಯಲ್ಲೇ ಬೂತು. ಊರಿನ ಮಕ್ಕಳು ಮಧ್ಯಾಹ್ನದೊಳಗೆ ಬಂದು ಹೋದರು. ಬಾರದೆ ಉಳಿದದ್ದು ಗವಳಿವಾಡಾ. ಅದು ಊರಿನಿಂದ ಕಾಡಿನೊಳಗೆ ಒಂದಿಷ್ಟು ನಡೆದರೆ ಸಿಗುವ ಎಮ್ಮೆ ಸಾಕುವವರ ಕೇರಿ. ನಾಲ್ಕಾರು ಮನೆಗಳು, ಮನೆಗಿಂತ ದೊಡ್ಡ ಕೊಟ್ಟಿಗೆಗಳು, ಸುತ್ತ ಮುಳ್ಳುಬೇಲಿ. ಆ ಜನ ತಲೆತಲಾಂತರದಿಂದ ಅಲ್ಲೇ ಇದ್ದವರು. ಮನೆಮಾತು ಮರಾಠಿಯದೇ ಒಂದು ಬಗೆ. ನಮ್ಮ ಜೊತೆ ಮಾತಾಡುವಾಗ ಅದಕ್ಕೆ ಬೇಕಾದಷ್ಟು ಕನ್ನಡ ಬೆರೆಸುತ್ತಿದ್ದರು. ಅವರ ಮಾತನ್ನು ಇಲ್ಲಿ ಬರೆಯುವಾಗ ಕನ್ನಡವನ್ನಷ್ಟೇ ಉಳಿಸಿಕೊಂಡಿದ್ದೇನೆ.

ಸೋಮವಾರ ನಾನು ಮತ್ತು ಆ ಭಾಗದ ಆರೋಗ್ಯ ಕೇಂದ್ರದ ಸಿಸ್ಟರ್ ಐಸಿನ ಡಬ್ಬಿ ಹಿಡಿದು ಅಲ್ಲಿಗೆ ಹೋದೆವು. ಸಿಸ್ಟರ್ ನನಗಿಂತ ದೊಡ್ಡವರು, ಆ ಕಡೆ ಬಹಳ ವರ್ಷ ಓಡಾಡಿದವರು, ಮಾತು ಸ್ವಲ್ಪ ಒರಟು. ಮೊದಲ ಮನೆಯ ಗಂಡಸು ಸಿಸ್ಟರ್ ಕೈಯಲ್ಲಿದ್ದ ಸೀಮೆಸುಣ್ಣ ನೋಡಿದವನೇ ಬಾಗಿಲಿಗೆ ಅಡ್ಡ ನಿಂತ.

"ನಂಬರ್ ಬರಿಬ್ಯಾಡ್ರಿ," ಎಂದ. "ಇವತ್ತ ನಂಬರ್ ಬರೀತೀರಿ, ನಾಳೆ ಜಾಗಾ ಬಿಡ್ರಿ ಅಂತ ಬರ್ತೀರಿ."

ಇದು ಹನಿಯ ಮಾತಲ್ಲ, ಜಾಗದ ಮಾತು ಎಂದು ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕಾಡಿನೊಳಗೆ ಕಾಗದಪತ್ರವಿಲ್ಲದೆ ಬದುಕುವವರಿಗೆ ಸರಕಾರದವರು ಮನೆ ಎಣಿಸುವುದೆಂದರೆ ಒಕ್ಕಲೆಬ್ಬಿಸುವುದಕ್ಕೇ ಇರಬೇಕು. ನಂಬರು ಬರೆಯುವುದಿಲ್ಲ ಎಂದು ಹೇಳಿದರೂ ಆತ ಬಾಗಿಲು ಬಿಡಲಿಲ್ಲ. ಇನ್ನೊಂದು ಮನೆಯ ಹೆಂಗಸು, ಈ ಔಷಧ ಕುಡಿದ ಮಕ್ಕಳಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂದಳು. ಯಾರು ಹೇಳಿದರು ಎಂದರೆ, ಜಾಂಬೋಟಿ ಸಂತೆಯಲ್ಲಿ ಎಲ್ಲರೂ ಅನ್ನುತ್ತಾರೆ ಎಂದಳು.

ಕೊನೆಯ ಮನೆಗೆ ಹೋಗುವಾಗ ನನಗೆ ಸ್ವಲ್ಪ ಧೈರ್ಯವಿತ್ತು. ಆ ಮನೆಯ ಯಜಮಾನ ನನಗೆ ಬಸ್ಸಿನ ಪರಿಚಯ. ನಾನು ಬೆಳಿಗ್ಗೆ ಶಾಲೆಯ ಹತ್ತಿರ ಇಳಿಯುವ ಹೊತ್ತಿಗೆ ಆತ ಹಾಲಿನ ಕ್ಯಾನುಗಳನ್ನಿಟ್ಟುಕೊಂಡು ರಸ್ತೆಯಲ್ಲಿ ಎದುರು ಬಸ್ಸಿಗೆ ಕಾಯುತ್ತಿರುತ್ತಿದ್ದ. ಸಂಜೆ ಕೆಲವೊಮ್ಮೆ ಜಾಂಬೋಟಿಯವರೆಗೆ ಒಂದೇ ಬಸ್ಸಿನಲ್ಲಿ ಹೋಗುತ್ತಿದ್ದೆವು. ಇಪ್ಪತ್ತೈದರ ಆಚೀಚೆ ವಯಸ್ಸು. ಬಲಗಾಲು ತೊಡೆಯಿಂದ ಕೆಳಗೆ ಸಣಕಲಾಗಿ ಕೋಲಿನ ಹಾಗಿತ್ತು. ಪ್ರತಿ ಹೆಜ್ಜೆಗೂ ಬಲಗೈಯಿಂದ ಮೊಣಕಾಲನ್ನು ಒತ್ತಿ ಹಿಡಿದು ನಡೆಯುತ್ತಿದ್ದ. ಎಮ್ಮೆಗಳ ಹಿಂದೆ ಕಾಡು ತಿರುಗಲು ಆಗದ್ದರಿಂದ ಕೇರಿಯ ಹಾಲು ಮಾರುವ ಕೆಲಸ ಅವನದಾಗಿತ್ತು. ಇಂಥವನ ಮನೆಯಲ್ಲಿ ಹನಿ ಬೇಡ ಎನ್ನುವವರು ಯಾರು ಎಂದುಕೊಂಡಿದ್ದೆ.

ಬೇಡ ಎಂದವರು ಅವನ ತಾಯಿ. ಅಂಗಳದಲ್ಲಿ ಮೊಮ್ಮಗಳನ್ನು ಕಾಲಮೇಲೆ ಹಾಕಿಕೊಂಡು ಕುಳಿತಿದ್ದ ಆಜಿ ನಮ್ಮನ್ನು ಕಂಡ ಕೂಡಲೆ ಮಗುವಿನ ಮೇಲೆ ಸೆರಗು ಮುಚ್ಚಿದಳು. ಕೂಗಾಡಲಿಲ್ಲ. ಕುಳಿತುಕೊಳ್ಳಲು ಹೇಳಿದಳು, ಸೊಸೆಯಿಂದ ಮಜ್ಜಿಗೆ ತರಿಸಿದಳು. ಮಗ ಹಾಲು ಮಾರಲು ಹೋಗಿದ್ದ. ಸಿಸ್ಟರ್ ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ ಮೇಲೆ ಆಜಿ ನನ್ನ ಕಡೆ ತಿರುಗಿದಳು.

"ಬಾಯಿ, ನಿಮಗ ಮಕ್ಕಳದಾವೇನು?"

"ಒಬ್ಬಾಕಿ ಮಗಳದಾಳ್ರಿ. ಎರಡು ವರ್ಷದಾಕಿ."

"ನಿನ್ನಿ ಆಕಿಗೆ ಇದನ್ನ ಹಾಕಿಸಿದ್ರೇನು?"

"ಇಲ್ರಿ," ಎಂದೆ.

ಭಾನುವಾರ ನಾನು ಇಲ್ಲಿ ಬೂತಿನಲ್ಲಿದ್ದೆ, ಮಗಳು ಬೆಳಗಾವಿಯಲ್ಲಿದ್ದಳು. ಆಜಿ ತಲೆಯಾಡಿಸಿದಳು. ಅವಳ ಮುಖದಲ್ಲಿ ಗೆದ್ದ ಭಾವವೇನೂ ಇರಲಿಲ್ಲ. "ಹಂಗಾದ್ರ ಮಜ್ಜಿಗಿ ಕುಡದು ಹೋಗ್ರಿ," ಎಂದಳು.

ದಾರಿಯಲ್ಲಿ ಸಿಸ್ಟರ್ ನನ್ನ ಮೇಲೆ ಸಿಟ್ಟಾದರು. "ಹೌದು ಹಾಕಿಸೇನಿ ಅಂದಿದ್ರ ನಿಮ್ಮ ಗಂಟೇನ ಹೋಗತಿತ್ರಿ?" ಎಂದರು. ಇಲ್ಲ ಎಂದ ನನ್ನ ಆ ಒಂದು ಮಾತು ಇಡೀ ಕೇರಿಗೆ ಹಬ್ಬಿತು. ಮರುದಿನ ಸಿಸ್ಟರ್ ಒಬ್ಬರೇ ಹೋದಾಗ, ಟೀಚರಬಾಯಿ ತಮ್ಮ ಕೂಸಿಗೇ ಹಾಕಿಸಿಲ್ಲವಂತೆ ಎಂದು ಎಲ್ಲ ಮನೆಗಳಲ್ಲೂ ಹೇಳಿ ಅವರನ್ನು ಮರಳಿ ಕಳಿಸಿದರು.

ನನ್ನ ಮಗಳಿಗೆ ಯಾಕೆ ಹಾಕಿಸಿರಲಿಲ್ಲ ಎಂದರೆ ಅತ್ತೆ ಕಳಿಸಿರಲಿಲ್ಲ. ನಮ್ಮದು ಜೈನರ ಮನೆ, ಊರಲ್ಲಿ ತಲೆಮಾರುಗಳಿಂದ ಬಟ್ಟೆ ವ್ಯಾಪಾರ. ಅತ್ತೆ ಶಿಸ್ತಿನ ಹೆಂಗಸು. ನೀರು ಸೋಸಿ, ಕಾಯಿಸಿ ಕುಡಿಯುವವರು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವವರು. ಮೊಮ್ಮಗಳ ಪ್ರತಿ ಚುಚ್ಚುಮದ್ದನ್ನೂ ತಾವೇ ನಿಂತು ಹಾಕಿಸಿದ್ದರು, ನಮ್ಮ ಮನೆಯ ಕಾಯಂ ಡಾಕ್ಟರ ಹತ್ತಿರ. ನಮ್ಮ ಓಣಿಯ ಬೂತಿನವರು ಬಂದು ಕರೆದಾಗ ಗೇಟಿನಿಂದಲೇ ಮರಳಿ ಕಳಿಸಿದ್ದರು. ಆ ಸಂಜೆ ಗವಳಿವಾಡಾದ ಸುದ್ದಿ ಹೇಳಿ, ಮುಂದಿನ ಸಲ ಹಾಕಿಸೋಣ ಎಂದಾಗ ಅವರಿಗೆ ಆಶ್ಚರ್ಯವಾಯಿತು.

"ನಮ್ಮ ಕೂಸಿಂದು ಎಲ್ಲಾ ಕೋರ್ಸ್ ಮುಗದೈತಿ. ಮತ್ತ್ಯಾಕ?"

"ಮುಗದಿದ್ರೂ ಎಲ್ಲಾರಿಗೂ ಹಾಕಬೇಕಂತ್ರಿ, ಅತ್ತ್ಯಾರ. ಒಂದ ದಿನ ಎಲ್ಲಾ ಮಕ್ಕಳಿಗೂ ಬಿದ್ರನ ಆ ರೋಗ ಊರು ಬಿಡ್ತದಂತ."

"ಅದು ಡಾಕ್ಟರ ಕಡೆ ಹೋಗದವರಿಗೆ ಮಾಡಿದ್ದು. ಬಡವರಿಗೆ. ಹಾಕಿಸಿದ್ದರ ಮ್ಯಾಲೆ ಮತ್ತ ಮತ್ತ ಹಾಕಿ, ಮೈಯಾಗ ಏನರ ಆದ್ರ ಯಾರ ಜವಾಬ್ದಾರಿ? ನಮ್ಮ ಡಾಕ್ಟರು ಹಾಕಸ್ರಿ ಅಂದಾರೇನು?"

ಡಾಕ್ಟರನ್ನು ಕೇಳಿದ್ದಾಯಿತು. ಅವರು ಹಾಕಿಸಿದರೆ ಒಳ್ಳೆಯದೇ, ಹಾಕಿಸದಿದ್ದರೂ ನಿಮ್ಮ ಮಗುವಿಗೆ ಚಿಂತೆಯಿಲ್ಲ ಎಂದರು. ಆ ಮಾತಿನಲ್ಲಿ ನನಗೆ ಬೇಕಾದದ್ದನ್ನು ನಾನು ಹಿಡಿದುಕೊಂಡೆ, ಅತ್ತೆಗೆ ಬೇಕಾದದ್ದನ್ನು ಅವರು ಹಿಡಿದುಕೊಂಡರು. ನನ್ನ ಗಂಡ ಇಬ್ಬರ ಮಾತನ್ನೂ ಕೇಳಿ ಅಂಗಡಿಗೆ ಹೋದರು.

ಕೆಲವು ದಿನಗಳ ನಂತರ ಸಂಜೆಯ ಬಸ್ಸಿನಲ್ಲಿ ಆ ಹಾಲಿನವನು ತಾನಾಗಿಯೇ ನನ್ನ ಹಿಂದಿನ ಸೀಟಿನಲ್ಲಿ ಬಂದು ಕುಳಿತ. ಮನೆಯಲ್ಲಿ ನಡೆದದ್ದು ಅವನಿಗೆ ಗೊತ್ತಾಗಿತ್ತು.

"ನೀವು ಬ್ಯಾಸರಾ ಮಾಡ್ಕೋಬ್ಯಾಡ್ರಿ ಬಾಯಿ," ಎಂದ. "ನನಗ ಹಾಕಸಬೇಕಂತ ಐತಿ. ಆಯಿ ಬ್ಯಾಡ ಅಂತಾಳ. ಅದಕ್ಕ ಕಾರಣ ಈ ಕಾಲು."

ಅವನು ಹೇಳಿದ್ದು ಇಷ್ಟು. ಅವನು ಚಿಕ್ಕವನಿದ್ದಾಗ ಚೆನ್ನಾಗಿ ನಡೆಯುತ್ತಿದ್ದ, ಕರುಗಳ ಹಿಂದೆ ಓಡುತ್ತಿದ್ದ. ಒಮ್ಮೆ ಜ್ವರ ಬಂತು. ಅಪ್ಪ ಬೇರು ತೇಯ್ದು ಕುಡಿಸಿ, ಎರಡು ದಿನ ನೋಡೋಣ ಎಂದ. ತಾಯಿಗೆ ತಡೆಯಲಿಲ್ಲ. ಗಂಡನ ಮಾತು ಮೀರಿ ಮಗನನ್ನು ಬೆನ್ನಿಗೆ ಕಟ್ಟಿಕೊಂಡು ನಡೆದುಹೋಗಿ ಒಬ್ಬ ಕಂಪೌಂಡರನ ಹತ್ತಿರ ಸೂಜಿ ಚುಚ್ಚಿಸಿದಳು. ಚುಚ್ಚಿದ್ದು ಬಲಗಡೆಗೆ. ಮರುದಿನ ಬೆಳಿಗ್ಗೆ ಎಬ್ಬಿಸಿ ನಿಲ್ಲಿಸಿದರೆ ಬಲಗಾಲು ನಿಲ್ಲಲೇ ಇಲ್ಲ.

"ಆಯಿ ಲೆಕ್ಕದಾಗ ಸೂಜಿ ಕಾಲು ತಿಂತು. ಸೂಜಿ ಕಡೆ ಒಯ್ದಾಕಿ ತಾನು. ಈಗ ಹನಿ ಅಂದ್ರೂ ಅಂಜತಾಳ," ಎಂದ. ಜಾಂಬೋಟಿ ಬಂದಿತ್ತು. ಕ್ಯಾನು ಎತ್ತಿಕೊಂಡು ಇಳಿದ.

ಮುಂದಿನ ಸುತ್ತಿನ ಸಭೆಗೆ ಖಾನಾಪುರಕ್ಕೆ ಹೋದಾಗ ಆ ವಯಸ್ಸಾದ ಡಾಕ್ಟರನ್ನು ಹುಡುಕಿ ಇದನ್ನು ಹೇಳಿದೆ. ಮೌಢ್ಯ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರು ಕನ್ನಡಕ ತೆಗೆದು ಒರೆಸಿದರು.

"ಆಕಿ ಹೇಳೂದು ಪೂರಾ ಸುಳ್ಳಲ್ಲ ನೋಡ್ರಿ," ಎಂದರು. "ಆ ಜ್ವರ ಇತ್ತಲ್ಲ, ಅದ ಪೋಲಿಯೊ ಜ್ವರ ಇದ್ದೀತು. ರೋಗ ಮೊದಲ ಮೈಯಾಗಿತ್ತು. ಅಂಥಾ ಜ್ವರದಾಗ ಸೂಜಿ ಚುಚ್ಚಿದ್ರ, ಚುಚ್ಚಿದ ಕಾಲಿಗೆ ಬಂದು ಕುಂದರೂದು ಉಂಟು. ನಾನ ಅಂಥಾವು ಕಂಡೇನಿ. ಚುಚ್ಚದಿದ್ರ ಉಳೀತಿತ್ತೋ ಇಲ್ಲೋ, ಅದನ್ನ ಯಾರೂ ಹೇಳಾಕ ಬರಂಗಿಲ್ಲ. ಆದ್ರ ಆ ಕಂಪೌಂಡರಗೂ ಗೊತ್ತಿರಲಿಲ್ಲ, ಆ ತಾಯಿಗಂತೂ ಗೊತ್ತಿರಾಕ ಸಾಧ್ಯನ ಇಲ್ಲ. ಈ ಹನಿ ಮೊದಲ ಬಿದ್ದಿದ್ರ ಆ ಜ್ವರ ಬರತಿದ್ದಿಲ್ಲ. ಹೇಳೂದಾದ್ರ ಇಷ್ಟ ಹೇಳ್ರಿ."

ಬಸ್ಸಿನಲ್ಲಿ ಹಾಲಿನವನಿಗೆ ಅದನ್ನು ಹಾಗೆಯೇ ಹೇಳಿದೆ. ಅವನು ಕಿಟಕಿಯ ಆಚೆ ನೋಡುತ್ತಾ ಕೇಳಿಸಿಕೊಂಡ.

"ಇದನ್ನ ಆಯಿಗೆ ನೀವ ಹೇಳ್ರಿ," ಎಂದ. "ನಾ ಹೇಳಿದ್ರ, ಮಗ ಸಮಾಧಾನ ಮಾಡಾಕತ್ತಾನ ಅಂತ ತಿಳೀತಾಳ."

ಆ ಸಂಜೆ ಮನೆಯಲ್ಲಿ ನಾನು ಒಂದು ತೀರ್ಮಾನ ಹೇಳಿದೆ. ಮುಂದಿನ ಸುತ್ತಿನಲ್ಲಿ ಮಗಳನ್ನು ಗವಳಿವಾಡಾಕ್ಕೆ ಕರೆದೊಯ್ದು ಎಲ್ಲರ ಎದುರಿಗೇ ಹನಿ ಹಾಕುತ್ತೇನೆ ಎಂದೆ. ಅತ್ತೆ ಸೋಸುತ್ತಿದ್ದ ನೀರನ್ನು ಕೆಳಗಿಟ್ಟರು.

"ನನ್ನ ಮೊಮ್ಮಗಳನ್ನ ಅಡವ್ಯಾಗ ಒಯ್ದು ಮಂದಿಗೆ ತೋರಸ್ತೀ?"

"ಅವರು ಕೇಳಿದ್ದು ತಪ್ಪೈತೇನ್ರಿ ಅತ್ತ್ಯಾರ? ನಿಮ್ಮ ಮಗಳಿಗೆ ಹಾಕಿಸೀರೇನು ಅಂತ ಕೇಳಿದ್ರು, ಅಷ್ಟ."

ಅತ್ತೆ ಎರಡು ದಿನ ನನ್ನ ಜೊತೆ ಸರಿಯಾಗಿ ಮಾತಾಡಲಿಲ್ಲ. ನಾನು ಗಾಬರಿಯಾದೆ, ಆದರೆ ಮಾತು ಹಿಂದೆ ತೆಗೆದುಕೊಳ್ಳಲಿಲ್ಲ. ಮೂರನೆಯ ದಿನ ರೊಟ್ಟಿ ಬಡಿಯುತ್ತಾ ಅವರೇ ಹೇಳಿದರು. "ಹೋಗೂದಾದ್ರ ನಾನೂ ಬರ್ತೀನಿ. ಹಾಕಬೇಕೋ ಬ್ಯಾಡೋ ಅನ್ನೂದನ್ನ ಅಲ್ಲೇ ನೋಡೂಣು."

ಚಳಿಗಾಲದ ಒಂದು ಸೋಮವಾರ ಮೂವರೂ ಮೊದಲ ಬಸ್ಸಿಗೆ ಹೊರಟೆವು. ಅತ್ತೆಯ ಚೀಲದಲ್ಲಿ ಕಾಯಿಸಿದ ನೀರು, ಬುತ್ತಿ, ಮಗುವಿನ ಸ್ವೆಟರು, ಎರಡು ಜೊತೆ ಬಟ್ಟೆ, ಜ್ವರದ ಔಷಧ. ಜಾಂಬೋಟಿಯ ಆಚೆಗೆ ಅವರು ಎಂದೂ ಬಂದವರಲ್ಲ. ರಸ್ತೆಯ ಎರಡೂ ಬದಿಗೆ ಕಾಡು ದಟ್ಟವಾದ ಹಾಗೆ, ದಿನಾ ಇಷ್ಟು ದೂರ ಬರುತ್ತೀಯೇನು ಎಂದು ಕೇಳಿದರು. ಮದುವೆಯಾಗಿ ನಾಲ್ಕು ವರ್ಷಗಳಲ್ಲಿ ಅವರು ನನ್ನ ಕೆಲಸದ ಬಗ್ಗೆ ಕೇಳಿದ ಮೊದಲ ಮಾತು ಅದೇ ಇರಬೇಕು.

ಶಾಲೆಯಿಂದ ಸಿಸ್ಟರ್ ಜೊತೆಯಾದರು. ಗವಳಿವಾಡಾ ಮುಟ್ಟಿದಾಗ ಬಿಸಿಲು ಏರುತ್ತಿತ್ತು. ಆ ದಿನ ಹಾಲಿನವನು ಬೆಳಗಿನ ಹಾಲು ಬೇರೆಯವರ ಕೈಯಲ್ಲಿ ಕಳಿಸಿ ಮನೆಯಲ್ಲೇ ಉಳಿದಿದ್ದ. ಆಜಿ ನನ್ನ ಹಿಂದೆ ಬರುತ್ತಿದ್ದ ಅತ್ತೆಯನ್ನೂ, ಅವರ ಸೊಂಟದ ಮೇಲಿದ್ದ ನನ್ನ ಮಗಳನ್ನೂ ನೋಡಿದಳು. ಕಂಬಳಿ ಹಾಸಿದಳು. ಸುತ್ತಲಿನ ಮನೆಗಳಿಂದ ಹೆಂಗಸರು ಬಂದು ಬೇಲಿಯ ಹತ್ತಿರ ನಿಂತರು.

ನಾನು ಡಾಕ್ಟರು ಹೇಳಿದ್ದನ್ನು ಆಜಿಗೆ ಹೇಳಿದೆ. ಜ್ವರ ಮೊದಲೇ ಆ ರೋಗದ್ದಾಗಿತ್ತು, ಸೂಜಿ ಚುಚ್ಚಿದ ಕಡೆಗೆ ಅದು ತಿರುಗಿರಬಹುದು, ಅದು ಕಂಪೌಂಡರನಿಗೂ ಗೊತ್ತಿರಲಿಲ್ಲ, ನಿಮಗೂ ಗೊತ್ತಾಗುವ ಹಾಗಿರಲಿಲ್ಲ ಎಂದೆ. ಮಗ ಬಾಗಿಲ ಚೌಕಟ್ಟಿಗೆ ಒರಗಿ ತಾಯಿಯ ಮುಖವನ್ನೇ ನೋಡುತ್ತಿದ್ದ. ಆಜಿ ಕೇಳಿಸಿಕೊಂಡಳು.

"ಇರಬಹುದು," ಎಂದಳು. ಆಮೇಲೆ ಅತ್ತೆಯ ಕಡೆ ನೋಡಿದಳು. "ಇಕಿ ನಿಮ್ಮ ಮೊಮ್ಮಗಳೇನ್ರಿ? ಇಕಿಗೆ ಯಾಕ ಹಾಕಿಸಿದ್ದಿಲ್ಲ?"

ಅತ್ತೆ ನನ್ನ ಕಡೆ ನೋಡಲಿಲ್ಲ. "ಊರಾಗ ಡಾಕ್ಟರ ಕಡೆ ಹಾಕಿಸೇನಿ," ಎಂದರು.

"ಅದೂ ಇದ ಔಷಧನೋ, ಬ್ಯಾರೇನೋ?"

"ಅದೂ ಇದ."

"ಇದ ಆದ್ರ, ಇದನ್ನ ಯಾಕ ಬ್ಯಾಡ ಅಂದ್ರಿ?"

ಸದಾಶಿವನಗರದ ಮನೆಯಲ್ಲಿ ಸಲೀಸಾಗಿ ಬಂದಿದ್ದ ಮಾತು, ಇದು ಬಡವರಿಗೆ ಮಾಡಿದ್ದು ಎಂಬ ಮಾತು, ಆ ಕಂಬಳಿಯ ಮೇಲೆ ಕುಳಿತು ಆಡುವ ಹಾಗಿರಲಿಲ್ಲ. ಅತ್ತೆ ಮಗುವಿನ ಟೊಪ್ಪಿಗೆ ಸರಿಮಾಡಿದರು. ನಂತರ ಸಿಸ್ಟರ್ ಕಡೆ ತಿರುಗಿ, "ತಗೀರಿ, ಹಾಕ್ರಿ," ಎಂದು ಮಗುವನ್ನು ತಮ್ಮ ತೊಡೆಯ ಮೇಲೆ ಮಲಗಿಸಿಕೊಂಡರು. ಸಿಸ್ಟರ್ ಎರಡು ಹನಿ ಹಾಕಿದರು. ಮಗಳು ಮುಖ ಕಿವುಚಿ, ನಾಲಗೆ ಹೊರಹಾಕಿ, ಇನ್ನೂ ಬೇಕು ಎಂದಳು. ಬೇಲಿಯ ಹತ್ತಿರ ಯಾರೋ ನಕ್ಕರು.

ಆಜಿ ನಗಲಿಲ್ಲ. "ನೀವು ಸಂಜಿ ತನಕ ಇಲ್ಲೇ ಇರ್ರಿ," ಎಂದಳು ಅತ್ತೆಗೆ. "ಕೂಸು ನನ್ನ ಕಣ್ಣಮುಂದ ಆಡಲಿ. ಬಿಸಿಲು ಇಳೂತನಕ ಕಾಲು ಸರಿ ಇದ್ರ, ನಮ್ಮ ಕೂಸಿಗೆ ಹಾಕಸ್ತೀನಿ. ಇಲ್ಲಂದ್ರ ಇಲ್ಲ."

ಸಿಸ್ಟರಿಗೆ ತಡೆಯಲಾಗಲಿಲ್ಲ. ಇದು ಸಂಜೆಯೊಳಗೆ ಗೊತ್ತಾಗುವ ವಿಷಯವಲ್ಲ, ಐಸು ಕರಗುತ್ತದೆ, ಇನ್ನೂ ಬೇರೆ ಕೇರಿಗಳಿವೆ ಎಂದು ಹೇಳತೊಡಗಿದರು. ನಾನು ಅತ್ತೆಯನ್ನು ನೋಡಿದೆ. ಅವರು ಸಿಟ್ಟಾಗಿ ಎದ್ದು ಹೊರಡುತ್ತಾರೆ ಎಂದೇ ಅಂದುಕೊಂಡಿದ್ದೆ. ಅವರು ಚೀಲದಿಂದ ನೀರಿನ ಬಾಟಲಿ ತೆಗೆದು ಪಕ್ಕಕ್ಕಿಟ್ಟುಕೊಂಡು ಕಂಬಳಿಯ ಮೇಲೆ ಸರಿಯಾಗಿ ಕುಳಿತರು.

"ನೀವು ಉಳದ ಕೆಲಸಾ ಮುಗಿಸಿಕೊಂಡ ಬರ್ರಿ," ಎಂದರು. "ನಾನಿಲ್ಲೇ ಇರತೀನಿ."

ನಾನು ಮತ್ತು ಸಿಸ್ಟರ್ ಬೇರೆ ಎರಡು ಕೇರಿ ಸುತ್ತಿ ಬಂದೆವು. ಆ ಮಧ್ಯಾಹ್ನ ಅಂಗಳದಲ್ಲಿ ಏನೇನು ನಡೆಯಿತು ಎಂಬುದನ್ನು ಅತ್ತೆ ಸಂಜೆ ಬಸ್ಸಿನಲ್ಲಿ ಹೇಳಿದರು. ಮಗಳು ಕರುಗಳ ಹಿಂದೆ ಓಡುತ್ತಿದ್ದಳು, ಬೀಳುತ್ತಿದ್ದಳು. ಅವಳು ಬಿದ್ದಾಗಲೆಲ್ಲ ಆಜಿ ಅರ್ಧ ಎದ್ದು ನಿಲ್ಲುತ್ತಿದ್ದಳಂತೆ. ಬಿಸಿಲಿಗೆ ಅತ್ತೆ ತಮ್ಮ ಸ್ವೆಟರು ತೆಗೆದಾಗ ಅವರ ತೋಳಿನ ಮೇಲಿನ ಗುಂಡನೆಯ ಕಲೆ ಆಜಿಗೆ ಕಂಡಿತು. ಅಂಥದೇ ಕಲೆ ಆಜಿಯ ತೋಳಿನ ಮೇಲೂ ಇತ್ತು, ಸಿಡುಬಿಗೆ ಹಿಂದೆ ಹಾಕುತ್ತಿದ್ದ ಚುಚ್ಚುಮದ್ದಿನದು. ಇಬ್ಬರೂ ತೋಳು ತೋರಿಸಿಕೊಂಡರು.

"ಇದೂ ಸೂಜೀದ ಅಲ್ಲೇನು ಅಂದೆ," ಎಂದರು ಅತ್ತೆ. "ಅದಕ್ಕ ಆಕಿ, ಅದು ನನಗ ಹಾಕಿದ್ದು, ಈ ಹನಿ ಕೂಸಿಗೆ ಅಂದಳು."

ಆಮೇಲೆ ಆಜಿ ತಾನೇ ಹೇಳಿದಳಂತೆ. ಮಗನ ಕಾಲು ಹೋದ ಮೇಲೆ ಗಂಡ ಬಹಳ ವರ್ಷ ಬದುಕಿದ್ದ. ನಾನು ಬೇಡ ಅಂದಿದ್ದೆ, ನೀನು ಒಯ್ದೆ ಎಂದು ಒಂದು ಸಲವೂ ಅನ್ನಲಿಲ್ಲ. ಸಿಟ್ಟಿನಲ್ಲೂ ಅನ್ನಲಿಲ್ಲ, ಕುಡಿದಾಗಲೂ ಅನ್ನಲಿಲ್ಲ. ಒಮ್ಮೆ ಅಂದಿದ್ದರೆ ನಾನೂ ತಿರುಗಿ ನಾಲ್ಕು ಮಾತು ಆಡುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು ಎಂದಳಂತೆ.

"ನೀವೇನ ಅಂದ್ರಿ ಅತ್ತ್ಯಾರ?" ಎಂದು ಕೇಳಿದೆ.

"ನಾ ಏನ ಅನ್ನಲಿ? ಆಕಿ ಮೊಮ್ಮಗಳನ್ನ ಎತ್ತಿಕೊಂಡು ಕಾಲ ತಿಕ್ಕೋತ ಕುಂತೆ."

ನಾವು ಮರಳಿದಾಗ ಬಿಸಿಲು ಕೊಟ್ಟಿಗೆಯ ಹಿಂದೆ ಸರಿದಿತ್ತು. ನನ್ನ ಮಗಳು ಮೈತುಂಬ ಸೆಗಣಿ ಧೂಳು ಮಾಡಿಕೊಂಡು, ಮನೆಯಲ್ಲಿದ್ದರೆ ಮಲಗುತ್ತಿದ್ದ ಹೊತ್ತಿನಲ್ಲಿ ಮಲಗದೆ, ಒಂದು ಎಮ್ಮೆಗರುವಿನ ಬಾಲ ಹಿಡಿದು ನಿಂತಿದ್ದಳು. ಆಜಿ ಅವಳನ್ನು ಹತ್ತಿರ ಕರೆದು ಎರಡೂ ಕಾಲುಗಳನ್ನು ಕೈಯಲ್ಲಿ ಹಿಡಿದು ಅಮುಕಿ ನೋಡಿದಳು. ಮಗಳಿಗೆ ಕಚಗುಳಿಯಾಗಿ ಒದ್ದಳು. ಆಗ ಆಜಿ ತನ್ನ ಸೊಸೆಯನ್ನು ಕೂಗಿ ಮಗುವನ್ನು ತರಲು ಹೇಳಿದಳು. ತಾನೇ ತೊಡೆಯ ಮೇಲೆ ಮಲಗಿಸಿಕೊಂಡಳು. ಸಿಸ್ಟರ್ ಬಗ್ಗಿ ಹನಿ ಹಾಕುವಾಗ ಮಗ ಚೌಕಟ್ಟು ಬಿಟ್ಟು, ಮೊಣಕಾಲನ್ನು ಒತ್ತಿಕೊಂಡು ಬಂದು ತಾಯಿಯ ಪಕ್ಕ ನೆಲದ ಮೇಲೆ ಕುಳಿತ. ಆಜಿ ಕಣ್ಣು ಮುಚ್ಚಿಕೊಂಡಿದ್ದಳು. ಮಗು ಹನಿ ನುಂಗಿ ಚಪ್ಪರಿಸಿದ ಸದ್ದಿಗೆ ಕಣ್ಣು ತೆರೆದಳು.

ಅದನ್ನು ಕಂಡು ಇನ್ನೂ ಎರಡು ಮನೆಯವರು ಮಕ್ಕಳನ್ನು ತಂದರು. ಜಾಗದ ಭಯದ ಮನುಷ್ಯ ತರಲಿಲ್ಲ.

ಮನೆ ಮುಟ್ಟಿದಾಗ ಹೊತ್ತು ಮುಳುಗಿಹೋಗಿತ್ತು. ಅತ್ತೆ ಆ ರಾತ್ರಿ ಊಟ ಮಾಡಲಿಲ್ಲ. ನೀರೂ ಕುಡಿಯದೆ ಮಲಗಿದರು.

ಕತೆ ಇಲ್ಲಿಗೆ ಮುಗಿದಿದ್ದರೆ ನನಗೆ ನಿರಾಳವಾಗುತ್ತಿತ್ತು. ಅದೇ ವಾರದ ಕೊನೆಗೆ ಹಾಲಿನವನು ರಸ್ತೆಯಲ್ಲಿ ಕಾಣಲಿಲ್ಲ. ಹಾಲು ತಂದ ಬೇರೆ ಹುಡುಗನನ್ನು ಕೇಳಿದರೆ, ಮಗುವಿಗೆ ಜ್ವರ ಎಂದ. ಸಿಸ್ಟರಿಗೆ ಹೇಳಿಕಳಿಸಿ, ಶಾಲೆ ಬಿಟ್ಟ ಕೂಡಲೆ ಇಬ್ಬರೂ ಹೋದೆವು.

ಆಜಿ ಒಳಗೆ ಒಲೆಯ ಬಾಜು ಮಗುವನ್ನಿಟ್ಟುಕೊಂಡು ಕುಳಿತಿದ್ದಳು. ನಮ್ಮನ್ನು ನೋಡಿ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು ಅನ್ನಿಸಿತು. ಅವಳು ಮಾಡುತ್ತಿದ್ದದ್ದು ಒಂದೇ ಕೆಲಸ. ಮಗುವಿನ ಅಂಗಾಲನ್ನು ಬೆರಳಿನಿಂದ ಗೀರುವುದು, ಮಗು ಕಾಲು ಸೆಳೆದುಕೊಳ್ಳುತ್ತದೋ ಇಲ್ಲವೋ ನೋಡುವುದು, ಮತ್ತೆ ಗೀರುವುದು. ಸೊಸೆ ಹೇಳಿದಳು, ನಿನ್ನೆಯಿಂದ ಹೀಗೇ ಕುಳಿತಿದ್ದಾಳೆ, ಉಂಡಿಲ್ಲ.

ಸಿಸ್ಟರ್ ಒರಟು ಮಾತನ್ನೆಲ್ಲ ಹೊರಗೆ ಬಿಟ್ಟು ಬಂದವರ ಹಾಗೆ ಮೆಲ್ಲಗೆ ಮಾತಾಡಿದರು. ಮಗುವಿನ ಮೂಗು ಸೋರುತ್ತಿತ್ತು, ಕೆಮ್ಮು ಇತ್ತು. ಮನೆಯ ಬೇರೆ ಇಬ್ಬರಿಗೂ ನೆಗಡಿಯಿತ್ತು. "ಇದು ಥಂಡಿ ಜ್ವರ," ಎಂದರು. "ಸೂಜಿ ಹಾಕಂಗಿಲ್ಲ, ಆಜಿ. ನಾ ಹಾಕಂಗಿಲ್ಲ, ಯಾರ ಕಡೆನೂ ಹಾಕಸಬ್ಯಾಡ್ರಿ. ಈ ಔಷಧ ಕುಡಸ್ರಿ, ಹಸಿ ಅರಬಿಲೆ ಮೈ ಒರಸ್ರಿ. ನಾ ನಾಳೆ ಮುಂಜಾನೆ ಬರ್ತೀನಿ."

ಸೂಜಿ ಹಾಕುವುದಿಲ್ಲ ಎಂಬ ಮಾತಿಗೆ ಆಜಿ ತಲೆಯೆತ್ತಿ ಸಿಸ್ಟರನ್ನು ನೋಡಿದಳು. ಔಷಧದ ಬಾಟಲಿಯನ್ನು ತಾನೇ ಕೈಚಾಚಿ ತೆಗೆದುಕೊಂಡಳು.

ಆ ಸಂಜೆ ಬಾಗಿಲಲ್ಲಿ ನನ್ನ ಮುಖ ನೋಡಿಯೇ ಅತ್ತೆಗೆ ಏನೋ ಆಗಿದೆ ಎಂದು ತಿಳಿಯಿತು. ಹೇಳಿದೆ. "ಕೂಸು ಕಾಲ ಆಡಸಾಕತ್ತೈತೇನು?" ಎಂದು ಕೇಳಿದರು. ಆಡಿಸುತ್ತಿದೆ ಎಂದೆ. ಅವರು ಮತ್ತೇನೂ ಕೇಳದೆ ನನ್ನ ಮಗಳನ್ನು ಎತ್ತಿಕೊಂಡು ಒಳಗೆ ಹೋದರು. ಡಾಕ್ಟರು ಹೇಳಿದ್ದೆಲ್ಲ ಗೊತ್ತಿತ್ತು, ನೆಗಡಿ ಕಣ್ಣಾರೆ ಕಂಡಿದ್ದೆ. ಆದರೂ ಅಂಗಾಲು ಗೀರುತ್ತಿದ್ದ ಆ ಬೆರಳು ಕಣ್ಣಮುಂದಿನಿಂದ ಹೋಗಲಿಲ್ಲ.

ಮರುದಿನ ಜ್ವರ ಇಳಿದಿತ್ತು. ಸೋಮವಾರ ಬೆಳಿಗ್ಗೆ ಹಾಲಿನವನು ಎಂದಿನಂತೆ ರಸ್ತೆಯಲ್ಲಿದ್ದ. ನಾನು ಬಸ್ಸಿನಿಂದ ಇಳಿಯುವಾಗಲೇ ದೂರದಿಂದ ಕೈ ಎತ್ತಿ, "ಆರಾಮ ಅದಾಳ್ರಿ, ಗೋಡಿ ಹಿಡದು ನಿಂತಾಳ," ಎಂದ. ಆ ಮಗು ತಾನಾಗಿ ಎದ್ದು ನಿಂತದ್ದು ಅದೇ ಮೊದಲ ಸಲವಂತೆ.

ಅತ್ತೆ ಆಮೇಲೆ ಪ್ರತಿ ಸುತ್ತಿಗೂ ಮೊಮ್ಮಗಳನ್ನು ನಮ್ಮ ಓಣಿಯ ಬೂತಿಗೆ ಒಯ್ದರು. ಔಷಧದ ಮೇಲೆ ನಂಬಿಕೆ ಬಂತೇ ಎಂದು ನಾನು ಒಮ್ಮೆ ಕೇಳಿದ್ದಕ್ಕೆ, "ನಾ ಔಷಧಕ್ಕಾಗಿ ಅಲ್ಲಿ ಕುಂತಿರಲಿಲ್ಲ. ಆ ಹೆಣ್ಣಮಗಳು ಇರ್ರಿ ಅಂದಳು, ಕುಂತೆ," ಎಂದರು. ಪಕ್ಕದ ಬಂಗಲೆಯವರು, ನಿಮ್ಮಂಥವರು ಬೂತಿಗೆ ಯಾಕೆ ಹೋಗುತ್ತೀರಿ ಎಂದು ಕೇಳಿದಾಗಲೂ ಅವರು ಯಾವ ವಿವರಣೆಯನ್ನೂ ಕೊಡಲಿಲ್ಲ. ನೀವೂ ಬರ್ರಿ ಎಂದು ಹೇಳಿ ನಡೆದರು. ಬಂಗಲೆಯವರು ಬರಲಿಲ್ಲ.

ಗವಳಿವಾಡಾದ ಆಜಿಯೂ ಸುಲಭವಾಗಿ ಬದಲಾದಳು ಎನ್ನಲಾರೆ. ಪ್ರತಿ ಸುತ್ತಿನಲ್ಲೂ ನಮ್ಮನ್ನು ಕೂರಿಸಿ ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಿದ್ದಳು. ಇದು ಹೋದ ಸಲದ ಔಷಧವೇ ಹೌದೇ, ಬೇರೆ ಬಂದಿದೆಯೇ, ಎಷ್ಟು ಸಲ ಹಾಕುತ್ತೀರಿ, ಯಾವಾಗ ನಿಲ್ಲಿಸುತ್ತೀರಿ. ಕೇಳಿ ಮುಗಿದ ಮೇಲೆ ಮಗುವನ್ನು ಮಲಗಿಸಿಕೊಳ್ಳುತ್ತಿದ್ದಳು. ಸಿಸ್ಟರ್ ಆ ಮನೆಗೆ ಬೇಕೆಂದೇ ಕೊನೆಗೆ ಹೋಗುತ್ತಿದ್ದರು, ಮಾತಿಗೆ ಸಮಯ ಇರಲಿ ಎಂದು.

ಬಾಗಿಲಿಗೆ ಅಡ್ಡ ನಿಂತಿದ್ದ ಮನುಷ್ಯ ಕಡೆಯವರೆಗೂ ಒಪ್ಪಲಿಲ್ಲ. ನಾವು ಸೀಮೆಸುಣ್ಣ ಒಯ್ಯದೆಯೂ ಹೋಗಿ ನೋಡಿದೆವು, ಡಾಕ್ಟರನ್ನು ಕರೆದೊಯ್ದೂ ನೋಡಿದೆವು. ಅವನ ಮಗ ಯಾವ ಹನಿಯೂ ಇಲ್ಲದೆ ಗಟ್ಟಿಮುಟ್ಟಾಗಿ ಬೆಳೆದ. ಏನಾಯಿತು ನೋಡಿ, ಏನೂ ಆಗಲಿಲ್ಲ ಎಂದು ಅವನು ನನಗೆ ಹೇಳುತ್ತಿದ್ದ. ಸುತ್ತಲಿನ ಮಕ್ಕಳಿಗೆಲ್ಲ ಹಾಕಿದ್ದರಿಂದ ನಿನ್ನ ಮಗನೂ ಉಳಿದಿರಬಹುದು ಎಂದು ನಾನು ಹೇಳಿದರೆ, ಅದು ಅವನಿಗೆ ಬರೀ ಮಾತಾಗಿ ಕೇಳುತ್ತಿತ್ತು.

ನಾನು ಹಿಂಡಲಗಾ ಕಡೆಯ ಶಾಲೆಗೆ ವರ್ಗವಾಗಿ ಬರುವ ಹಿಂದಿನ ವರ್ಷ ಆ ಇಬ್ಬರು ಮಕ್ಕಳೂ ಒಂದನೆಯ ತರಗತಿಗೆ ಸೇರಿದರು. ಹಾಲಿನವನ ಮಗಳು ಕಾಡುದಾರಿಯಲ್ಲಿ ಎಲ್ಲರಿಗಿಂತ ಮುಂದೆ ಓಡಿಬಂದು ಶಾಲೆ ಸೇರುತ್ತಿದ್ದಳು, ಹನಿ ಹಾಕಿಸದ ಮನೆಯ ಆ ಹುಡುಗ ಎರಡನೆಯವನಾಗಿ ಬರುತ್ತಿದ್ದ. ನನ್ನ ಮುಂದೆ ಒಂದೇ ಸಾಲಿನಲ್ಲಿ ಕೂರುತ್ತಿದ್ದರು. ಕಾಗುಣಿತದಲ್ಲಿ ಇಬ್ಬರೂ ಹಿಂದೆಯೇ ಇದ್ದರು.